ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಿ ಬಂದೆ, ಈಗ ಊರೇ ಒಗ್ಗುತ್ತಿಲ್ಲ

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 31. ಇಂಗ್ಲಿಷ್ ಎಂ.ಎ., ಬಿ.ಇಡಿ. ಮಾಡಿದ್ದೇನೆ. 2022ರ ಫೆಬ್ರವರಿಯಿಂದ 2025ರ ಫೆಬ್ರವರಿವರೆಗೆ ದಕ್ಷಿಣ ಕೊರಿಯಾದ ಜೊಲ್ಲಾ ಕಡೆಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿದ್ದೆ. ಅಲ್ಲಿದ್ದಷ್ಟು ದಿನ ಊರಿನದೇ ಧ್ಯಾನ. ಬಂದು ಎಂಟು ತಿಂಗಳಾಯಿತು, ಈಗ ಅಲ್ಲಿಯದೇ ಧ್ಯಾನ. ಅಮ್ಮ ಮಾತಾಡಿಸಿದರೆ ಸಿಡುಕುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳುತ್ತೇನೆ. ಎರಡು ಶಾಲೆಗಳಲ್ಲಿ ಸಂದರ್ಶನ ಆಯಿತು, ಕೊರಿಯಾದ ಅನುಭವವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮತ್ತೆ ಹೊರಟುಬಿಡಲಾ? ಇದು ತಾನಾಗೇ ಸರಿಹೋಗುತ್ತಾ? ಇನ್ನೊಂದು ಸಣ್ಣ ವಿಷಯ. ಬರುವಾಗ ಮಕ್ಕಳು ಬರೆದುಕೊಟ್ಟ ಪತ್ರಗಳ ಡಬ್ಬ ಒಂದಿದೆ. ಇನ್ನೂ ತೆರೆಯೋಕೆ ಆಗಿಲ್ಲ.

ಉತ್ತರ: ಡಬ್ಬದ ವಿಷಯ ಕೊನೆಗೆ ಹೇಳುತ್ತೇನೆ. ಅದನ್ನು ನೀವು ಸಣ್ಣದು ಅಂದಿದ್ದೀರಿ, ಇರಲಿ.

ನಾನು ಈಗ ಮೈಸೂರಿನಲ್ಲಿ ಕನ್ನಡ ಮಾಧ್ಯಮ ಶಾಲೆಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುತ್ತೇನೆ. 2012ರಿಂದ ನಾಲ್ಕು ವರ್ಷ ನಾನೂ ಕೊರಿಯಾದ ಶಾಲೆಯಲ್ಲಿದ್ದವಳು. ಆಮೇಲೆ ಹೋಗಿಬಂದ ಹಲವರ ಜೊತೆ ಕೂತು ಮಾತಾಡಿದ್ದೇನೆ. ಹಾಗಾಗಿ ನಿಮ್ಮ ಪತ್ರ ಓದುವಾಗ ನಗುವೂ ಬಂತು, ಹೊಟ್ಟೆಯಲ್ಲಿ ಒಂಥರಾ ಸಂಕಟವೂ ಆಯಿತು.

ವಾಪಸ್ ಬಂದ ಮೊದಲ ವಾರ ನಾನು ದಿನಸಿ ಅಂಗಡಿಗೆ ಹೋಗಿದ್ದೆ. ನೂರರ ನೋಟನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಸ್ವಲ್ಪ ತಗ್ಗಿಸಿ ಕೊಟ್ಟೆ. ಚಿಲ್ಲರೆಗೂ ಎರಡೂ ಕೈ ಚಾಚಿದೆ. ಅಂಗಡಿಯವರು ಒಂದು ಕ್ಷಣ ನೋಡಿ, "ಏನಮ್ಮಾ, ಪ್ರಸಾದ ತಗೊಂಡಂಗೆ ತಗೋತೀರಲ್ಲ" ಅಂದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅಕ್ಕಿ ಚೀಲ ಕೆಳಗಿಟ್ಟು ಅತ್ತೆ. ಯಾಕೆ ಅಂತ ಅವತ್ತು ಗೊತ್ತಾಗಲಿಲ್ಲ. ಗೊತ್ತಾಗೋಕೆ ಒಂದು ವರ್ಷ ಬೇಕಾಯಿತು.

ನಿಮಗೆ ನೆನಪಾಗುತ್ತಿರುವುದು ಕೊರಿಯಾ ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಅಲ್ಲ. ನೀವು ಕಳೆದುಕೊಂಡದ್ದು ಅತಿಥಿಯ ಜಾಗವನ್ನು. ಮೂರು ವರ್ಷ ನೀವು ಒಂದು ಇಡೀ ಊರಿನ ಮನೆಗೆ ಬಂದ ನೆಂಟರ ಹಾಗಿದ್ದಿರಿ. ನೆಂಟರು ತಪ್ಪು ಮಾಡಿದರೆ ಯಾರೂ ಬೈಯಲ್ಲ. ನೆಂಟರನ್ನು ಜಗಳಕ್ಕೆ ಎಳೆಯಲ್ಲ. ನೆಂಟರು ಒಂದು ಪಾತ್ರೆ ತೊಳೆದರೂ ಎಲ್ಲರೂ ಹೊಗಳುತ್ತಾರೆ. ನೀವು ಕೊರಿಯನ್ ಭಾಷೆಯಲ್ಲಿ ಒಂದು ವಾಕ್ಯ ಆಡಿದ್ದಕ್ಕೆ ಬಸ್ಸಿನಲ್ಲಿ ಯಾವುದೋ ಅಜ್ಜಿ ಕೈ ಹಿಡಿದು ಕಿತ್ತಳೆ ಹಣ್ಣು ಕೊಟ್ಟಿರುತ್ತಾರೆ, ಅಲ್ವಾ? ದಾವಣಗೆರೆಯಲ್ಲಿ ಇಡೀ ದಿನ ಕನ್ನಡ ಮಾತಾಡಿದರೂ ಯಾರೂ ಹಣ್ಣು ಕೊಡಲ್ಲ.

ಕೆಲಸವೂ ಹಾಗೇ ಇತ್ತು. ವಾರಕ್ಕೆ 22 ಗಂಟೆ ಪಾಠ. ಪಕ್ಕದಲ್ಲಿ ಕೊರಿಯನ್ ಶಿಕ್ಷಕಿ ಇರುತ್ತಿದ್ದರು. ಮಕ್ಕಳ ಗಲಾಟೆ, ಅಂಕ, ಪೋಷಕರ ಫೋನು, ಮೇಲಿನವರಿಗೆ ವರದಿ, ಎಲ್ಲಾ ಅವರ ತಲೆ ಮೇಲೆ. ನಮ್ಮ ಪಾಲಿಗೆ ಆಟ, ಹಾಡು, ಚಿತ್ರದ ಕಾರ್ಡು. ಚಳಿಗಾಲದ ರಜೆಯಲ್ಲಿ ಖಾಲಿ ಶಾಲೆಯಲ್ಲಿ ಹೀಟರ್ ಮುಂದೆ ಸುಮ್ನೆ ಕೂತು ಸಂಬಳ ತೆಗೆದುಕೊಂಡದ್ದೂ ಇದೆ. ನಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟರು ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಚುನಾವಣೆ ಕೆಲಸಕ್ಕೂ ಹೋಗಬೇಕು. ಅಲ್ಲಿ ನಾವು ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಶಿಕ್ಷಕಿಯ ಕೆಲಸದ ಸಿಹಿ ಭಾಗ ಮಾತ್ರ ನಮ್ಮ ತಟ್ಟೆಗೆ ಬಿದ್ದಿತ್ತು. ಇದನ್ನು ಒಪ್ಪಿಕೊಳ್ಳೋಕೆ ನನಗೆ ಕಷ್ಟವಾಗಿತ್ತು, ನಿಮಗೂ ಆಗಬಹುದು.

ಇನ್ನು ಆ ಗೌರವ. ಕಾಲೇಜು ಪ್ರವೇಶ ಪರೀಕ್ಷೆಯ ದಿನ, ನವೆಂಬರಿನಲ್ಲಿ, ಇಂಗ್ಲಿಷ್ ಆಲಿಸುವ ಭಾಗ ನಡೆಯುವ ಹೊತ್ತಿಗೆ 35 ನಿಮಿಷ ಇಡೀ ದೇಶದಲ್ಲಿ ವಿಮಾನಗಳು ಹಾರೋದೂ ಇಲ್ಲ, ಇಳಿಯೋದೂ ಇಲ್ಲ. ಇಂಗ್ಲಿಷ್ ಅಂದರೆ ಅಷ್ಟು ಭಯ, ಅಷ್ಟು ಆಸೆ. ಮೂರನೇ ಕ್ಲಾಸಿನಿಂದ ಶಾಲೆಯಲ್ಲಿ ಇಂಗ್ಲಿಷ್, ಸಂಜೆಗೆ ಹಾಗ್ವನ್ ಅನ್ನುವ ಟ್ಯೂಷನ್ ಕೇಂದ್ರಗಳಲ್ಲಿ ಮತ್ತೆ ಇಂಗ್ಲಿಷ್. ಅಂಥ ಕಡೆ ನಿಮ್ಮ ನಾಲಿಗೆಯ ತುದಿಯಲ್ಲಿರುವುದು ಅವರ ಮಕ್ಕಳ ಭವಿಷ್ಯ. ಹೆಡ್‌ಮಾಸ್ಟರೂ ಬಾಗಿ ನಮಸ್ಕಾರ ಮಾಡುತ್ತಿದ್ದರು. ಅದು ನಿಮಗೆ ಸಿಕ್ಕ ಗೌರವ ಎಷ್ಟು, ಇಂಗ್ಲಿಷಿಗೆ ಸಿಕ್ಕ ಗೌರವ ಎಷ್ಟು, ನೀವೇ ಒಮ್ಮೆ ಬಿಡಿಸಿ ನೋಡಿ. ಎರಡೂ ಇತ್ತು ಅನ್ನಿ. ಇಲ್ಲಿ ಸಂದರ್ಶನಕ್ಕೆ ಕೂತವರಿಗೆಲ್ಲ ಇಂಗ್ಲಿಷ್ ಬರುತ್ತೆ, ಹಾಗಾಗಿ ಅದರ ಹೊಳಪು ಇಲ್ಲಿ ಮಾಯ.

ಅಮ್ಮನ ಮೇಲೆ ಸಿಡುಕುವ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಎರಡು ಕಾರಣ ನನಗೆ ಕಾಣುತ್ತವೆ.

ಒಂದು, ಕಿವಿ. ಮೂರು ವರ್ಷ ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ, ಸ್ಟಾಫ್ ರೂಮಿನಲ್ಲಿ ಸುತ್ತಲಿನ ಮಾತು ನಿಮಗೆ ಮಳೆಯ ಸದ್ದಿನ ಹಾಗೆ ಕೇಳಿಸಿದೆ. ಗಮನ ಕೊಟ್ಟರೆ ಅರ್ಥ ಆಗುತ್ತಿತ್ತು, ಕೊಡದಿದ್ದರೆ ಬರೀ ಸದ್ದು. ಕಿವಿಗೆ ಮೂರು ವರ್ಷ ರಜೆ. ಈಗ ಕೆಎಸ್ಆರ್‌ಟಿಸಿ ಬಸ್ಸು ಹತ್ತಿದರೆ ಹಿಂದಿನ ಸೀಟಿನವರ ಜಮೀನಿನ ಜಗಳ, ಮುಂದಿನ ಸೀಟಿನವರ ಮಗಳ ಮದುವೆ, ಕಂಡಕ್ಟರ್ ಚಿಲ್ಲರೆ ಕೇಳುವುದು, ಎಲ್ಲಾ ನೇರ ತಲೆಯೊಳಗೆ ಬರುತ್ತೆ. ತಡೆಯೋಕೆ ಆಗಲ್ಲ. ಸಂಜೆ ಹೊತ್ತಿಗೆ ತಲೆ ತುಂಬಿಹೋಗಿರುತ್ತೆ, ಆಗ ಅಮ್ಮ ಬಂದು "ಕಾಫಿ ಕುಡೀತೀಯಾ" ಅಂದರೂ ಸಿಟ್ಟು ಬರುತ್ತೆ. ಪಾಪ, ಅಮ್ಮನ ತಪ್ಪಲ್ಲ. ನನಗೆ ಇದು ಆರೇಳು ತಿಂಗಳಲ್ಲಿ ಕಡಿಮೆಯಾಯಿತು. ನಿಮಗೆ ಕಡಿಮೆಯಾಗುವವರೆಗೆ ದಿನಕ್ಕೆ ಒಂದು ಗಂಟೆ ಎಲ್ಲಾದರೂ ಒಬ್ಬರೇ ಕೂರುವ ಜಾಗ ಹುಡುಕಿಕೊಳ್ಳಿ. ನಾನು ಬೆಳಿಗ್ಗೆ ಬೇಗ ಎದ್ದು ಮಾಳಿಗೆ ಮೇಲೆ ಕೂರುತ್ತಿದ್ದೆ.

ಎರಡನೆಯದು, ಪ್ರಶ್ನೆಗಳು. ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. "ಯಾವಾಗ ಮದುವೆ?" "ದಪ್ಪ ಆಗಿದ್ದೀಯ." "ಎಷ್ಟು ಉಳಿಸಿದೆ?" ಈಗ ನೆನಪು ಮಾಡಿಕೊಳ್ಳಿ, ಕೊರಿಯಾದಲ್ಲಿ ಇವನ್ನೆಲ್ಲ ಯಾರೂ ಕೇಳಲೇ ಇಲ್ವಾ? ಮೊದಲ ದಿನವೇ ಕೇಳಿರುತ್ತಾರೆ. ವಯಸ್ಸೆಷ್ಟು, ಮದುವೆ ಆಗಿದೆಯಾ, ಇವತ್ತು ಯಾಕೆ ಮುಖ ಬಾಡಿದೆ. ವಯಸ್ಸು ಗೊತ್ತಾಗದೆ ಅವರಿಗೆ ಯಾವ ಕ್ರಿಯಾಪದ ಬಳಸಬೇಕು ಅನ್ನೋದೇ ತಿಳಿಯಲ್ಲ, ನಮ್ಮ ನೀನು-ನೀವು ಸಮಸ್ಯೆಯ ಹತ್ತರಷ್ಟು. (ನೀವಿದ್ದಾಗಲೇ ಅಲ್ವಾ, 2023ರ ಜೂನ್ 28ರಿಂದ ಹೊಸ ಕಾನೂನು ಬಂದು, ಹುಟ್ಟಿದ ದಿನವೇ ಒಂದು ವರ್ಷ ಅಂತ ಎಣಿಸುವ ಹಳೆಯ ಲೆಕ್ಕ ಬದಿಗೆ ಸರಿದು ಇಡೀ ದೇಶ ಒಂದೆರಡು ವರ್ಷ ಚಿಕ್ಕದಾಗಿದ್ದು? ನಮ್ಮ ಅತ್ತೆ-ಚಿಕ್ಕಮ್ಮಂದಿರಿಗೂ ಅಂಥದ್ದೊಂದು ಕಾನೂನು ತರಬೇಕು.) ಅದೇ ಪ್ರಶ್ನೆಗೆ ಅಲ್ಲಿ ನಕ್ಕು ಸುಮ್ಮನಾದಿರಿ. ಯಾಕೆಂದರೆ ಕೇಳಿದವರಿಗೆ ನಿಮ್ಮ ಮೇಲೆ ಅಧಿಕಾರ ಇರಲಿಲ್ಲ. ನಿಮ್ಮ ಉತ್ತರದಿಂದ ಅವರಿಗೆ ಏನೂ ಆಗಬೇಕಾಗಿರಲಿಲ್ಲ. ಚಿಕ್ಕಮ್ಮ ಕೇಳಿದರೆ ಅದರ ಹಿಂದೆ ಒಂದು ಜಾತಕ ಇರುತ್ತೆ.

ಒಂದು ತಮಾಷೆ ನೋಡಿ. ಅಲ್ಲಿ ಸಹೋದ್ಯೋಗಿಗಳು ಸಿಕ್ಕಾಗಲೆಲ್ಲ "ಪಾಪ್ ಮೊಗೊಸ್ಸೊಯೊ?" ಅಂತಿದ್ದರು. ಊಟ ಆಯ್ತಾ ಅಂತ ಅರ್ಥ. ಅದು ಬರೀ ನಮಸ್ಕಾರ. ಆಗ ನಮಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅಯ್ಯೋ ನಮ್ಮೂರಿನ ಹಾಗೇ ಕೇಳ್ತಾರಲ್ಲ ಅಂತ. ಈಗ ನಮ್ಮೂರಿನವರೇ ನಮ್ಮೂರಿನ ಹಾಗೆ ಕೇಳಿದರೆ, "ಇವರಿಗೆ ಯಾಕೆ ಬೇಕು ನನ್ನ ಊಟ" ಅನ್ನಿಸುತ್ತೆ.

ಮತ್ತೆ ಹೊರಟುಬಿಡಲಾ ಅಂತ ಕೇಳಿದ್ದೀರಿ. ಹೋಗಬೇಡಿ ಅನ್ನಲ್ಲ. ಆದರೆ ನೀವು ಮನಸ್ಸಿನಲ್ಲಿ ವಾಪಸ್ ಹೋಗುತ್ತಿರುವ ಜಾಗ ಈಗ ಅಲ್ಲಿಲ್ಲ. ಕೊರಿಯಾದ ಸರ್ಕಾರಿ ಶಾಲೆಯ ಶಿಕ್ಷಕರು ಒಂದೇ ಶಾಲೆಯಲ್ಲಿ ಜಾಸ್ತಿ ಕಾಲ ಇರಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ವರ್ಗ. ಪ್ರತಿ ಮಾರ್ಚಿನಲ್ಲಿ, ಹೊಸ ಶಾಲಾ ವರ್ಷ ಶುರುವಾದಾಗ, ಸ್ಟಾಫ್ ರೂಮಿನಲ್ಲಿ ಒಂದಷ್ಟು ಮುಖ ಹೊಸದು. ಬುಧವಾರ ಮಧ್ಯಾಹ್ನ ನಿಮ್ಮನ್ನು ವಾಲಿಬಾಲ್‌ಗೆ ಎಳೆದುಕೊಂಡು ಹೋಗುತ್ತಿದ್ದ ಮೇಷ್ಟರು, ಊಟದ ಮನೆಯಲ್ಲಿ ನಿಮಗೆ ಅಂತ ಮೊಟ್ಟೆ ಬೇರೆ ಎತ್ತಿಡುತ್ತಿದ್ದ ಅಕ್ಕ, ಯಾರು ಇದ್ದಾರೋ ಯಾರು ಹೋದರೋ. ಅದೂ ನಿಮ್ಮದು ಹಳ್ಳಿ ಶಾಲೆ. 2023ರಲ್ಲಿ ಕೊರಿಯಾದ ಫಲವತ್ತತೆ ದರ 0.72ಕ್ಕೆ ಇಳಿದಿತ್ತು, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಒಂದು ಮಗುವೂ ಇಲ್ಲ. ಹಳ್ಳಿ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನಾನಿದ್ದ ಶಾಲೆಯಲ್ಲಿ ನಾನು ಹೋದಾಗ 58 ಮಕ್ಕಳಿದ್ದರು, ಹೊರಡುವಾಗ 41.

ನಾನು ಒಮ್ಮೆ ಹೋಗಿ ನೋಡಿದ್ದೇನೆ. ಬಿಟ್ಟು ಮೂರು ವರ್ಷವಾದ ಮೇಲೆ, ಹತ್ತು ದಿನದ ಪ್ರವಾಸಕ್ಕೆ. ಶಾಲೆಯ ಬಾಗಿಲಲ್ಲಿ ಅಭ್ಯಾಸಬಲದಿಂದ ಬೂಟು ಬಿಚ್ಚಿ ನನ್ನ ಗೂಡಿಗೆ ಕೈ ಹಾಕಿದೆ. ಅಲ್ಲಿ ಬೇರೆಯವರ ಚಪ್ಪಲಿ ಇತ್ತು. ಒಳಗಿನಿಂದ ಬಂದ ಚಿಕ್ಕ ವಯಸ್ಸಿನ ಶಿಕ್ಷಕಿ ಬಹಳ ಮರ್ಯಾದೆಯಿಂದ, "ಯಾರನ್ನು ನೋಡೋಕೆ ಬಂದಿರಿ?" ಅಂದರು. ಹೇಳೋಕೆ ನನ್ನ ಹತ್ತಿರ ಒಂದು ಹೆಸರೂ ಇರಲಿಲ್ಲ. ಸಂದರ್ಶಕರ ಚಪ್ಪಲಿ ಹಾಕಿಕೊಂಡು ಕಾರಿಡಾರ್ ಒಂದು ಸುತ್ತು ಹಾಕಿ ಬಂದೆ. ಗೋಡೆ ಮೇಲೆ ನಾನು ಅಂಟಿಸಿದ್ದ ಎ, ಬಿ, ಸಿ, ಡಿ ಅಕ್ಷರಗಳ ಗುರುತು ಮಾತ್ರ ಹಾಗೇ ಇತ್ತು.

ಅಲ್ಲಿ ಇಂಗ್ಲಿಷ್ ಕಲಿಸೋಕೆ ಹೋದ ಮೊದಮೊದಲಿಗರಲ್ಲಿ ಒಬ್ಬ ಅಮೆರಿಕದ ಹೋಮರ್ ಹಲ್ಬರ್ಟ್. 1886ರಲ್ಲಿ, ಅರಸರ ಕಾಲದಲ್ಲಿ, ಸೋಲ್‌ನಲ್ಲಿ ಹೊಸದಾಗಿ ತೆರೆದ ಸರ್ಕಾರಿ ಇಂಗ್ಲಿಷ್ ಶಾಲೆಗೆ ಹೋದ. ಕೊರಿಯನ್ ಕಲಿತ, ಹಂಗುಲ್ ಲಿಪಿಯಲ್ಲೇ ಭೂಗೋಳದ ಪಠ್ಯ ಬರೆದ. ಜಪಾನ್ ಕೊರಿಯಾವನ್ನು ನುಂಗುತ್ತಿದ್ದಾಗ ಕೊರಿಯಾದ ಪರ ಓಡಾಡಿದ, 1907ರಲ್ಲಿ ದೇಶ ಬಿಡಬೇಕಾಯಿತು. ಆಮೇಲೆ ಅಮೆರಿಕದಲ್ಲಿ ನಲವತ್ತು ವರ್ಷ. 1949ರಲ್ಲಿ ಸ್ವತಂತ್ರ ಕೊರಿಯಾದ ಸರ್ಕಾರ ಕರೆಸಿಕೊಂಡಿತು. ಆಗ 86 ವಯಸ್ಸು. ಹೋದ, ಒಂದು ವಾರದಲ್ಲಿ ಅಲ್ಲೇ ತೀರಿಕೊಂಡ. ಹಾನ್ ನದಿಯ ದಡದ ಯಾಂಗ್‌ಹ್ವಾಜಿನ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಇದನ್ನು ಹೇಳಿದರೆ ಕೆಲವರು "ಆಹಾ, ಎಂಥ ಪ್ರೀತಿ" ಅಂತಾರೆ. ನನಗೆ ಮಾತ್ರ ಮಧ್ಯದ ಆ ನಲವತ್ತು ವರ್ಷದ್ದೇ ಯೋಚನೆ. ಅಷ್ಟು ವರ್ಷ ಅವನು ತನ್ನೂರಲ್ಲಿ ಹೇಗೆ ದಿನ ತೆಗೆದ? ಕೂತು ಕೊರಗಲಿಲ್ಲ ಅನ್ನೋದು ಗೊತ್ತು. ಊರೂರು ಸುತ್ತಿ ಕೊರಿಯಾದ ಬಗ್ಗೆ ಬರೆಯುತ್ತಾ, ಭಾಷಣ ಮಾಡುತ್ತಾ ಇದ್ದ.

ಅವನನ್ನು ಎಳೆದು ತಂದದ್ದಕ್ಕೆ ಇನ್ನೊಂದು ಕಾರಣ ಇದೆ, ಅದು ನಿಮ್ಮ ಸಂದರ್ಶನಕ್ಕೆ ಸಂಬಂಧಪಟ್ಟದ್ದು. ಇದೇ ಹಲ್ಬರ್ಟ್ 1905ರಲ್ಲಿ ಕೊರಿಯನ್ ಭಾಷೆಯ ವ್ಯಾಕರಣವನ್ನು ದ್ರಾವಿಡ ಭಾಷೆಗಳ ಜೊತೆ ಹೋಲಿಸಿ ಬರೆದಿದ್ದ. ಎರಡೂ ಒಂದೇ ಕುಲದವು ಅನ್ನೋದು ಅವನ ವಾದ. ಇಂದಿನ ಭಾಷಾ ವಿಜ್ಞಾನಿಗಳು ಅದನ್ನು ಒಪ್ಪಲ್ಲ. ಒಪ್ಪದಿರಲಿ. ಆದರೆ ಹೋಲಿಕೆ ಕಣ್ಣಿಗೆ ಹೊಡೆಯುತ್ತೆ. "ನಾನುನ್ ಒಜೆ ಯಂಗ್‌ಹ್ವಾರುಲ್ ಬ್ವಾಸ್ಸೊಯೊ." ಪದಕ್ಕೆ ಪದ ಇಟ್ಟರೆ: ನಾನು ನಿನ್ನೆ ಸಿನಿಮಾವನ್ನು ನೋಡಿದೆ. ಒಂದು ಪದವನ್ನೂ ಆಚೀಚೆ ಮಾಡಬೇಕಿಲ್ಲ. ಅಪ್ಪನಿಗೆ ಅವರೂ ಅಪ್ಪಾ ಅಂತಾರೆ, ಅಮ್ಮನಿಗೆ ಒಮ್ಮಾ.

ಈಗ ಸಂದರ್ಶನದಲ್ಲಿ ನೀವು ಏನು ಹೇಳಿದಿರಿ? "ಮೂರು ವರ್ಷ ಕೊರಿಯಾದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದೇನೆ, ಅಲ್ಲಿನ ಸಂಸ್ಕೃತಿ ಕಲಿತೆ" ಅಂತ ಹೇಳಿರಬೇಕು. ನಾನೂ ಅದನ್ನೇ ಹೇಳಿದ್ದೆ, ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ. ಅಲ್ಲಿನ ಆಡಳಿತದವರು ನನ್ನ ನಾಲ್ಕು ವರ್ಷವನ್ನು ಸೊನ್ನೆ ಅಂತ ಬರೆದು, ಹೊಸಬರ ಸಂಬಳ ಕೊಡ್ತೀವಿ ಅಂದರು. ಕೋಪ ಬಂತು. ಆದರೆ ಅವರಿಗೆ ಬೇಕಾದ ಮಾತನ್ನು ನಾನು ಆಡಿರಲಿಲ್ಲ ಅನ್ನೋದೂ ನಿಜ.

ಅವರಿಗೆ ಹೇಳಬೇಕಾದದ್ದು ಇದು. ನಿಮ್ಮ ಐದನೇ ಕ್ಲಾಸಿನ ಮಕ್ಕಳು ಬರೆದ ವಾಕ್ಯ ನೆನಪಿಸಿಕೊಳ್ಳಿ. "ಐ ಯೆಸ್ಟರ್ಡೇ ಮೂವಿ ವಾಚ್ಡ್." ಕ್ರಿಯಾಪದ ಕೊನೆಗೆ. ನಮ್ಮ ಹರಿಹರದ ಕನ್ನಡ ಮಾಧ್ಯಮದ ಹುಡುಗನೂ ಇದನ್ನೇ ಬರೆಯುತ್ತಾನೆ, ಅದೇ ಕಾರಣಕ್ಕೆ. ಕೊರಿಯನ್ನಿನಲ್ಲಿ "ಎ" ಮತ್ತು "ದಿ" ಥರದ್ದು ಇಲ್ಲ, ಕನ್ನಡದಲ್ಲೂ ಇಲ್ಲ. ಅವರು ಬಸ್ಸಿಗೆ "ಬಸು" ಅಂತಾರೆ, ಕೊನೆಗೆ ಒಂದು ಸ್ವರ ಸೇರಿಸದೆ ಅವರ ಬಾಯಿಗೆ ಸಮಾಧಾನ ಇಲ್ಲ. ನಾವು ಬಸ್ಸು, ಪೆನ್ನು, ಬುಕ್ಕು ಅಂತೀವಲ್ಲ, ಹಾಗೇ. ಝೀರೋ ಅವರ ಬಾಯಲ್ಲಿ ಜೆರೊ, ನಮ್ಮಲ್ಲಿ ಜೀರೊ. ಫ್ಯಾನಿಗೆ ಪ್ಯಾನು, ಕಾಫಿಗೆ ಕಾಪಿ ಅನ್ನೋದು ನಮ್ಮ ಹಳ್ಳಿಗಳಲ್ಲೂ ಇದೆ, ಅವರ ಇಡೀ ದೇಶದಲ್ಲೂ ಇದೆ, ಅವರದು ಕೊಪಿ. ಇಷ್ಟು ಹತ್ತಿರದ ತೊಂದರೆ ಇರುವ ಮಕ್ಕಳ ಜೊತೆ ನೀವು ಮೂರು ವರ್ಷ ಕಳೆದಿದ್ದೀರಿ. ಅದೂ ಅವರ ಭಾಷೆ ನಿಮಗೆ ಸರಿಯಾಗಿ ಬರದೆ, ಅನುವಾದ ಮಾಡಿ ಹೇಳುವ ಸುಲಭದ ದಾರಿಯೇ ಇಲ್ಲದೆ. ಚಿತ್ರ, ಕೈಸನ್ನೆ, ವಸ್ತು, ಆಟ ಇಟ್ಟುಕೊಂಡೇ "ಅಂಡರ್" ಅಂದರೇನು, "ಬಿಟ್ವೀನ್" ಅಂದರೇನು ಅಂತ ದಾಟಿಸಿದ್ದೀರಿ. ಮೊದಲ ವರ್ಷವಂತೂ ಮಾಸ್ಕ್ ಹಾಕಿಕೊಂಡು. 2023ರ ಜನವರಿ 30ಕ್ಕೆ ಒಳಾಂಗಣದ ಮಾಸ್ಕ್ ನಿಯಮ ತೆಗೆಯುವವರೆಗೆ ಮಕ್ಕಳು ನಿಮ್ಮ ತುಟಿ ನೋಡಿಲ್ಲ, ನೀವು ಅವರ ತುಟಿ ನೋಡಿಲ್ಲ. ತುಟಿ ಕಾಣದೆ ಪ ಮತ್ತು ಫ ಕಲಿಸಿದ ಶಿಕ್ಷಕಿಯನ್ನು ಯಾವ ಶಾಲೆ ಬೇಡ ಅಂತದೆ?

ಮುಂದಿನ ಸಂದರ್ಶನಕ್ಕೆ ಹತ್ತು ನಿಮಿಷದ ಪಾಠ ಮಾಡಿ ತೋರಿಸ್ತೀನಿ ಅಂತ ನೀವೇ ಕೇಳಿ. ಇಂಥ ನಾಲ್ಕು ತಪ್ಪು ಬೋರ್ಡಿನ ಮೇಲೆ ಬರೆದು, ಯಾಕೆ ಬರುತ್ತವೆ, ಹೇಗೆ ಬಿಡಿಸೋದು ಅಂತ ತೋರಿಸಿ. ನನಗೆ ಈಗಿನ ಕೆಲಸ ಸಿಕ್ಕಿದ್ದು ಹೀಗೇ. ದೊಡ್ಡ ಖಾಸಗಿ ಶಾಲೆಗಳಿಗಿಂತ ಶಿಕ್ಷಕರ ತರಬೇತಿ ಮಾಡುವ ಸಂಸ್ಥೆಗಳು, ಕನ್ನಡ ಮಾಧ್ಯಮದ ಜೊತೆ ಕೆಲಸ ಮಾಡುವವರು ಇದರ ಬೆಲೆ ಬೇಗ ಗುರುತಿಸುತ್ತಾರೆ.

ಕೊರಿಯನ್ ಕಲಿಸುವ ದಾರಿಯೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಕೊರಿಯನ್ ಹೆಸರಿದೆ. ಧಾರಾವಾಹಿ ನೋಡಿ ಹುಚ್ಚು ಹಿಡಿಸಿಕೊಂಡ ಹುಡುಗಿಯರಂತೂ ಎಲ್ಲಾ ಊರಲ್ಲೂ ಸಿಗುತ್ತಾರೆ. ಆದರೆ ಮಾತಾಡೋಕೆ ಬರುತ್ತೆ ಅಂದರೆ ಸಾಲದು, ಕೊರಿಯನ್ ಎಷ್ಟು ಬರುತ್ತೆ ಅಂತ ಅಳೆಯುವ ಟೋಪಿಕ್ ಪರೀಕ್ಷೆಯ ಅಂಕಪಟ್ಟಿ ಕೈಯಲ್ಲಿರಬೇಕು. ಅದಕ್ಕೆ ಎರಡೇ ವರ್ಷದ ಆಯಸ್ಸು. ಅಲ್ಲಿದ್ದಾಗ ಬರೆದಿದ್ದರೆ ದಿನಾಂಕ ನೋಡಿಕೊಳ್ಳಿ. ಕಿವಿಯಲ್ಲಿ ಭಾಷೆ ಇನ್ನೂ ಬಿಸಿಯಾಗಿರುವಾಗಲೇ ಮತ್ತೆ ಬರೆಯೋದು ಒಳ್ಳೆಯದು. ನಾನು ಮುಂದೆ ಹಾಕಿ ಹಾಕಿ, ಈಗ ಸಂಖ್ಯೆ ಎಣಿಸೋಕೆ ಕೂಡ ತಡವರಿಸುತ್ತೇನೆ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ನಿರ್ಲಕ್ಷ್ಯ ಮಾಡಬೇಡಿ. ಶಾಲೆ ಅಥವಾ ಶಿಕ್ಷಣ ಕಚೇರಿಯಿಂದ ಕೆಲಸದ ಅನುಭವ ಪತ್ರ ತಂದಿದ್ದೀರಾ? ಇಲ್ಲದಿದ್ದರೆ ನಿಮ್ಮನ್ನು ಬಲ್ಲ ಸಹ ಶಿಕ್ಷಕಿ ವರ್ಗವಾಗುವ ಮೊದಲೇ, ಫೆಬ್ರವರಿಯೊಳಗೆ, ಕೇಳಿ ತರಿಸಿಕೊಳ್ಳಿ. ನೀವಿದ್ದ ಕಾಲಕ್ಕೆ ಪ್ರತಿ ತಿಂಗಳು ಸಂಬಳದ ಶೇ 4.5 ರಾಷ್ಟ್ರೀಯ ಪಿಂಚಣಿಗೆ ಹೋಗಿದೆ, ಅಷ್ಟೇ ಮೊತ್ತ ಕೆಲಸ ಕೊಟ್ಟವರೂ ಹಾಕಿದ್ದಾರೆ. ಭಾರತ ಮತ್ತು ಕೊರಿಯಾ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2011ರ ನವೆಂಬರಿನಿಂದ ಜಾರಿಯಲ್ಲಿದೆ. ದೇಶ ಬಿಟ್ಟ ಭಾರತೀಯರು ಆ ದುಡ್ಡನ್ನು ಒಟ್ಟಿಗೆ ವಾಪಸ್ ಕೇಳೋಕೆ ದಾರಿ ಇದೆ. ಹೊರಡುವ ಗಡಿಬಿಡಿಯಲ್ಲಿ ಅರ್ಜಿ ಹಾಕಿರದಿದ್ದರೆ ಈಗ ಹಾಕಿ. ವರ್ಷಕ್ಕೆ ಒಂದು ತಿಂಗಳ ಸಂಬಳದ ಲೆಕ್ಕದಲ್ಲಿ ಕೆಲಸ ಬಿಟ್ಟಾಗ ಕೊಡುವ ಹಣ ಬಂದಿದೆಯಾ ಅಂತ ಬ್ಯಾಂಕ್ ಪುಸ್ತಕ ನೋಡಿ. ಇಲ್ಲಿನ ಎನ್‌ಆರ್‌ಇ ಖಾತೆ (ಹೊರದೇಶದಲ್ಲಿರುವ ಭಾರತೀಯರ ಖಾತೆ) ಹಾಗೇ ಇದ್ದರೆ, ವಾಪಸ್ ಬಂದಿದ್ದೇನೆ ಅಂತ ಬ್ಯಾಂಕಿಗೆ ತಿಳಿಸಿ ಬದಲಾಯಿಸಿಕೊಳ್ಳಿ.

ಹೋಗಲೇಬೇಕು ಅಂತಿದ್ದರೆ ಒಂದು ಮಾತು. ಅಲ್ಲಿ ಇಂಗ್ಲಿಷ್ ಕಲಿಸುವ ಇ-2 ವೀಸಾ ಮಾಮೂಲಿಯಾಗಿ ಸಿಗೋದು ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನಮಗೆ ಬಾಗಿಲು ತೆರೆದದ್ದು 2010ರ ಜನವರಿ 1ರಂದು ಜಾರಿಗೆ ಬಂದ ಎರಡೂ ದೇಶಗಳ ಆರ್ಥಿಕ ಒಪ್ಪಂದದಿಂದ, ಅದೂ ಶಿಕ್ಷಕ ಅರ್ಹತೆ ಇದ್ದವರಿಗೆ, ಶಾಲೆಯ ಸಹಾಯಕ ಶಿಕ್ಷಕರಾಗಿ ಮಾತ್ರ. ಅಂದರೆ ಹತ್ತು ವರ್ಷ ಅಲ್ಲಿದ್ದರೂ ಅದೇ ಸಹಾಯಕಿಯ ಕುರ್ಚಿ. ಮೂರು ವರ್ಷಕ್ಕೆ ಆ ಕುರ್ಚಿ ಚೆನ್ನ, ಹತ್ತು ವರ್ಷಕ್ಕೆ ಅಲ್ಲ. ಹೋಗೋದಾದರೆ ಬೇರೆ ಬಾಗಿಲಿನಿಂದ ಹೋಗಿ. ಕೊರಿಯಾ ಸರ್ಕಾರದ ಸ್ನಾತಕೋತ್ತರ ವಿದ್ಯಾರ್ಥಿವೇತನಕ್ಕೆ 40 ವರ್ಷದೊಳಗಿನವರು ಅರ್ಜಿ ಹಾಕಬಹುದು. ಒಂದು ವರ್ಷ ಭಾಷೆ ಕಲಿಸಿ, ಆಮೇಲೆ ಎರಡು ವರ್ಷ ಓದಿಸುತ್ತಾರೆ. ಭಾಷಾ ಬೋಧನೆಯಲ್ಲಿ ಓದಿ ಬಂದರೆ ಇಲ್ಲಿ ಯಾರೂ ಸೊನ್ನೆ ಬರೆಯೋಕೆ ಆಗಲ್ಲ. ಮನೆಯಲ್ಲೇ ಕೂತು ಕೊರಿಯನ್ ಮಕ್ಕಳಿಗೆ ವಿಡಿಯೊ ಪಾಠ ಮಾಡುವವರೂ ಇದ್ದಾರೆ. ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ, ಅವರ ಸಂಜೆ ಏಳು ನಮ್ಮ ಮಧ್ಯಾಹ್ನ ಮೂರೂವರೆ. ಸಮಯ ಅನುಕೂಲವೇ. ಆದರೆ ನೀವೀಗ ಇರುವ ಮನಸ್ಥಿತಿಯಲ್ಲಿ ನಾನು ಬೇಡ ಅಂತೀನಿ. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟುಕೊಂಡು ನಿಂತರೆ ಎರಡೂ ಕಡೆ ನೋವು.

ಒಂದು ಕೆಲಸ ಈ ವಾರವೇ ಮಾಡಿ ನೋಡಿ. ಮನೆಯಲ್ಲಿ ಒಂದು ದಿನ ಅಡುಗೆ ನೀವು ಮಾಡಿ. ಕಡಲಪಾಚಿಯ ಹಾಳೆಯಲ್ಲಿ ಅನ್ನ ಇಟ್ಟು ಕಿಂಬಾಪ್ ಸುತ್ತಿ ಕೊಡಿ, ಕ್ಯಾರೆಟ್, ಸೌತೆಕಾಯಿ, ಪಾಲಕ್ ಹಾಕಿ. ಆ ಹಾಳೆ ಆನ್‌ಲೈನಿನಲ್ಲಿ ಸಿಗುತ್ತೆ. ಅಮ್ಮ ಖಂಡಿತ ಮುಖ ಸಿಂಡರಿಸುತ್ತಾರೆ, ಸಮುದ್ರದ ವಾಸನೆ ಅಂತಾರೆ. ನಮ್ಮಮ್ಮ ಹಾಳೆ ಬಿಚ್ಚಿಹಾಕಿ ಒಳಗಿನ ಅನ್ನಕ್ಕೆ ಒಗ್ಗರಣೆ ಹಾಕಿದರು. ಆದರೆ ಅವತ್ತು ರಾತ್ರಿ ಮೊದಲ ಸಲ ಕೇಳಿದರು, "ಅಲ್ಲಿ ಚಳಿಗಾಲದಲ್ಲಿ ಹೇಗೆ ಮಲಗ್ತಿದ್ದೆ?" ಅಂತ. ನೆಲದ ಕೆಳಗಿಂದ ಬಿಸಿ ಬರುವ ಒಂದೋಲ್ ಬಗ್ಗೆ ಹೇಳಿದೆ, ಬರೀ ನೆಲದ ಮೇಲೆ ಚಾಪೆ ಹಾಕಿ ಮಲಗಿದರೆ ಬೆನ್ನು ಬೆಚ್ಚಗಿರುತ್ತೆ ಅಂತ. "ಬಾಣಂತಿ ಕೋಣೆ ಥರ" ಅಂದರು. ನಾಲ್ಕು ವರ್ಷದಲ್ಲಿ ನನಗೆ ಹೊಳೆಯದ ಹೋಲಿಕೆ. ನಿಮ್ಮ ಅಮ್ಮನಿಗೆ ನೀವು ಇಷ್ಟು ದಿನ ಅಲ್ಲಿಯ ಬಗ್ಗೆ ಏನು ಹೇಳಿದ್ದೀರಿ? ಫೋಟೊ ತೋರಿಸಿರುತ್ತೀರಿ, ಚೆರ್ರಿ ಹೂವಿನದು. ಚಳಿ, ಅಳು, ಒಬ್ಬರೇ ಜ್ವರದಲ್ಲಿ ಮಲಗಿದ್ದು ಹೇಳಿರಲಿಕ್ಕಿಲ್ಲ. ಅವರು ಗಾಬರಿಯಾಗ್ತಾರೆ ಅಂತ ಆಗ ಮುಚ್ಚಿಟ್ಟಿರಿ. ಈಗ ಹೇಳಬಹುದು.

ಎರಡು ಕೈಯಲ್ಲಿ ದುಡ್ಡು ಕೊಡೋದು, ದೊಡ್ಡವರ ಮುಂದೆ ಲೋಟ ಹಿಡಿದಾಗ ಮುಖ ತಿರುಗಿಸೋದು, ಫೋನಿನಲ್ಲೂ ತಲೆ ಬಾಗಿಸೋದು, ಇವನ್ನೆಲ್ಲ ಬಿಡಿಸಿಕೊಳ್ಳೋಕೆ ಹೋಗಬೇಡಿ. ತಾವಾಗೇ ಒಂದೊಂದಾಗಿ ಹೋಗುತ್ತವೆ. ನನಗೆ ಒಂಬತ್ತು ವರ್ಷವಾದರೂ ಎರಡು ಕೈಯ ಅಭ್ಯಾಸ ಹೋಗಿಲ್ಲ. ಆ ಅಂಗಡಿಯವರು ಈಗ ಅವರೂ ಎರಡು ಕೈಯಲ್ಲೇ ಚಿಲ್ಲರೆ ಕೊಡುತ್ತಾರೆ, ಅರ್ಧ ತಮಾಷೆಗೆ, ಅರ್ಧ ರೂಢಿಗೆ.

ಈಗ ಡಬ್ಬ.

ಅದನ್ನು ನೀವು ಯಾಕೆ ತೆರೆದಿಲ್ಲ ಅಂತ ನನಗೆ ಗೊತ್ತು. ತೆರೆದರೆ ಓದಿ ಮುಗಿದುಹೋಗುತ್ತೆ. ಆದರೆ ಆ ಮಕ್ಕಳಿಗೆ ಒಂದು ಗಡುವು ಇದೆ. ಕೊರಿಯಾದ ಪ್ರಾಥಮಿಕ ಶಾಲೆ ಆರನೇ ಕ್ಲಾಸಿನವರೆಗೆ. ನೀವು ಬರುವಾಗ ಐದನೇ ಕ್ಲಾಸು ಮುಗಿಸಿದ್ದವರು ಈಗ ಆರನೇ ಕ್ಲಾಸಿನಲ್ಲಿದ್ದಾರೆ. ಜನವರಿಯಲ್ಲೋ ಫೆಬ್ರವರಿಯಲ್ಲೋ ಅವರ ಬೀಳ್ಕೊಡುಗೆ. ಮಾರ್ಚಿನಲ್ಲಿ ಬೇರೆ ಬೇರೆ ಮಿಡ್ಲ್ ಸ್ಕೂಲಿಗೆ ಚದುರಿಹೋದರೆ ಆಮೇಲೆ ಶಾಲೆಯ ವಿಳಾಸಕ್ಕೆ ಬರೆದರೂ ಕೈಗೆ ಸಿಗಲ್ಲ. ಹಾಗಾಗಿ ಈ ಭಾನುವಾರ ಡಬ್ಬ ತೆರೆಯಿರಿ, ಓದಿ, ಉತ್ತರ ಬರೆಯಿರಿ. ಉದ್ದ ಬೇಡ. ಒಬ್ಬೊಬ್ಬರಿಗೆ ಒಂದು ಕಾರ್ಡು ಸಾಕು. ಒಂದು ಬದಿಯಲ್ಲಿ ಸರಳ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಇನ್ನೊಂದು ಬದಿಯಲ್ಲಿ ಆ ಮಗುವಿನ ಹೆಸರು ಕನ್ನಡದಲ್ಲಿ ದೊಡ್ಡದಾಗಿ. ನಮ್ಮ ಗುಂಡಗಿನ ಅಕ್ಷರ ಕಂಡರೆ ಅಲ್ಲಿನ ಮಕ್ಕಳಿಗೆ ಅದೇನು ಖುಷಿಯೋ, ನನ್ನ ಕ್ಲಾಸಿನಲ್ಲಿ "ಟೀಚರ್, ಇದು ನೂಡಲ್ಸ್" ಅಂತ ಕುಣಿದಿದ್ದರು. ಎಲ್ಲವನ್ನೂ ಒಂದೇ ದೊಡ್ಡ ಲಕೋಟೆಗೆ ಹಾಕಿ, ಹೆಡ್ ಪೋಸ್ಟ್ ಆಫೀಸಿಗೆ ಹೋಗಿ ವಿದೇಶಿ ಸ್ಪೀಡ್ ಪೋಸ್ಟ್ ಅಂತ ಕೇಳಿ. ಡಿಸೆಂಬರ್ ಮೊದಲ ವಾರ ದಾಟಿಸಬೇಡಿ, ಆಮೇಲೆ ಚಳಿಗಾಲದ ರಜೆ ಶುರುವಾಗುತ್ತೆ, ಲಕೋಟೆ ಖಾಲಿ ಸ್ಟಾಫ್ ರೂಮಿನಲ್ಲಿ ಬಿದ್ದಿರುತ್ತೆ. ವಿಳಾಸ ಹಂಗುಲ್‌ನಲ್ಲೂ ಬರೆಯಿರಿ. ನಿಮ್ಮ ದಾವಣಗೆರೆ ವಿಳಾಸ ಹಿಂಬದಿಯಲ್ಲಿ ಇರಲಿ, ಪಿನ್ ಕೋಡ್ ಸಮೇತ.